ಕಂಪ್ಯೂಟರಿಗೆ ಉಷ್ಣ

ಗೊಲ್ಲಾಳಪ್ಪನಿಗೆ ಕಂಪ್ಯೂಟರ್ ಬರುವುದಿಲ್ಲ ಎಂಬ ಸಂಗತಿ ಇಡೀ ಸೇಡಂ ಊರಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬ ಸ್ವತಃ ಗೊಲ್ಲಾಳಪ್ಪ. ಇನ್ನೊಂದು ಆ ಕಂಪ್ಯೂಟರು. ಇಬ್ಬರೂ ಬಾಯಿ ಬಿಡದೆ ಕೂತಿದ್ದರಿಂದ ಸಂಘದ ಕೆಲಸ ಯಾವ ಗದ್ದಲವೂ ಇಲ್ಲದೆ ನಿಂತುಹೋಗಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಶಹಾಬಾದಿನ ಪರಸಿಕಲ್ಲಿನ ವ್ಯಾಪಾರಿಯೊಬ್ಬರು ತಮ್ಮಲ್ಲಿಗೆ ಹೊಸ ಕಂಪ್ಯೂಟರ್ ಬಂತೆಂದು ಹಳೆಯದನ್ನು ಸೇಡಂ ಸೀಮೆಯ ತೊಗರಿ ಬೆಳೆಗಾರರ ಸಂಘಕ್ಕೆ ದಾನ ಮಾಡಿದರು. ಅವರಲ್ಲಿ ಅದು ನಾಲ್ಕು ವರ್ಷ ಕೆಮ್ಮದೆ ಕ್ಯಾಕರಿಸದೆ ದುಡಿದಿತ್ತು. ಹಳೆಯ ಕೌದಿಯೊಂದನ್ನು ಹೊದ್ದುಕೊಂಡು ಟೆಂಪೋದಲ್ಲಿ ಬಂದಿಳಿದ ಈ ಮುದುಕನನ್ನು ನಡೆಸುವವರು ಯಾರು ಎಂದು ಸಂಘದ ಅಧ್ಯಕ್ಷ ಖಂಡೆಪ್ಪಗೌಡರು ಕೇಳಿದಾಗ, ಗುಮಾಸ್ತ ಗೊಲ್ಲಾಳಪ್ಪ ಎದೆ ಉಬ್ಬಿಸಿ ಎದ್ದು ನಿಂತ.

ಅವನಿಗೆ ಆ ಹಕ್ಕಿತ್ತು. ಹಿಂದಿನ ಬೇಸಿಗೆಯಲ್ಲಿ ಸಂಘ ಅವನನ್ನು ಕಂಪ್ಯೂಟರ್ ತರಬೇತಿಗೆಂದು ಗುಲ್ಬರ್ಗಕ್ಕೆ ಕಳಿಸಿತ್ತು. ತರಬೇತಿಯ ಕೋಣೆಗೆ ಎ.ಸಿ. ಇತ್ತು. ಸೇಡಂ ಪಕ್ಕದ ಆಡಕಿ ಎಂಬ ಹಳ್ಳಿಯ ಬಿಸಿಲಲ್ಲಿ ಹುಟ್ಟಿ ಬೆಳೆದ ಜೀವ ಹಿಂದಿನ ಬೆಂಚಿನಲ್ಲಿ ಕೂತದ್ದೇ ತಡ, ನಿದ್ದೆ ಒತ್ತರಿಸಿಕೊಂಡು ಬಂತು. ತರಬೇತಿ ಮುಗಿದ ಮೇಲೆ ಎಬ್ಬಿಸಿ ಸರ್ಟಿಫಿಕೇಟು ಕೊಟ್ಟರು. ನಡುವೆ ಒಮ್ಮೆ ಮಗ್ಗುಲು ಬದಲಿಸಿದಾಗ ಕಲಿಸುವವರ ಒಂದು ಮಾತು ಕಿವಿಗೆ ಬಿದ್ದಿತ್ತು: ಕಂಪ್ಯೂಟರಿಗೆ ತಂಪು ಬೇಕು. ಅಷ್ಟೇ ಅವನ ವಿದ್ಯೆ. ಇದಕ್ಕಿಂತ ಕಡಿಮೆ ವಿದ್ಯೆಯಲ್ಲಿ ಇದಕ್ಕಿಂತ ದೊಡ್ಡ ಕುರ್ಚಿ ಹಿಡಿದವರು ನಾಡಿನಲ್ಲಿ ಬೇಕಾದಷ್ಟು ಜನ ಇರುವಾಗ ಅವನೊಬ್ಬನನ್ನೇ ಬೈಯುವುದು ನ್ಯಾಯವಲ್ಲ.

ಮೊದಲ ದಿನ ಶಹಾಬಾದಿನಿಂದ ಬಂದ ಮನುಷ್ಯನೇ ವೈರು ಜೋಡಿಸಿ ಗುಂಡಿ ಒತ್ತಿದ. ಮಷೀನು ಕುಂಯ್ ಎಂದಿತು, ಕರಿ ಪರದೆಯ ಮೇಲೆ ಹಸಿರು ಅಕ್ಷರಗಳು ಸಾಲಾಗಿ ಮೂಡಿದವು. ಗೌಡರು ಯಾತಕ್ಕೂ ಇರಲಿ ಎಂದು ಕೈ ಮುಗಿದರು. ಗೊಲ್ಲಾಳಪ್ಪ ಮಾತ್ರ ಹುಬ್ಬು ಗಂಟಿಕ್ಕಿ, ನಾಡಿ ಹಿಡಿದ ವೈದ್ಯನಂತೆ ಮಷೀನಿನ ಬೆನ್ನು ಮುಟ್ಟಿ ನೋಡಿದ.

"ಮಷೀನೇನೋ ಛೊಲೋ ಅದರಿ ಗೌಡ್ರ. ಖರೇ ಇದಕ್ಕ ತಂಪು ಬೇಕು. ಇಲ್ಲಂದ್ರ ತಲಿ ಕೆಡ್ತದ."

"ತಂಪು ಅಂದ್ರ? ಬಾಜೂಕ ಒಂದು ನೀರಿನ ಕೊಡ ಇಡಸ್ಲೇನು?"

"ಕೂಲರ್ ಬೇಕ್ರಿ."

ಸೇಡಂ ಬೇಸಿಗೆಯನ್ನು ಬಲ್ಲವರಿಗೆ ಈ ಮಾತಿನ ತೂಕ ಗೊತ್ತಾಗುತ್ತದೆ. ಅಲ್ಲಿ ನೆಲಕ್ಕೂ ಪರಸಿಯ ಚಪ್ಪಡಿ, ಮಾಳಿಗೆಗೂ ಪರಸಿ. ಮೇ ತಿಂಗಳಲ್ಲಿ ಮನುಷ್ಯ ಎರಡು ಹಂಚಿನ ನಡುವೆ ಸಿಕ್ಕ ರೊಟ್ಟಿ. ಗೌಡರ ಮನೆಯಲ್ಲೇ ಕೂಲರ್ ಇರಲಿಲ್ಲ. ಆದರೆ ಧರ್ಮಕ್ಕೆ ಬಂದ ಮಷೀನು ತಮ್ಮ ಕಾಲದಲ್ಲಿ ಸತ್ತಿತು ಎಂಬ ಅಪವಾದ ಯಾರಿಗೆ ಬೇಕು? ಗುಲ್ಬರ್ಗದಿಂದ ಎತ್ತಿನಷ್ಟು ದೊಡ್ಡ ತಗಡಿನ ಕೂಲರ್ ಬಂತು. ಗೋದಾಮಿನ ಪಕ್ಕದ ಕೋಣೆಯ ಒಂದು ಕಿಟಕಿಗೆ ಅದನ್ನು ಕೂರಿಸಿ, ಬಿಸಿಗಾಳಿ ಬರಬಾರದೆಂದು ಇನ್ನೊಂದು ಕಿಟಕಿಗೆ ಪರಸಿ ಹಚ್ಚಿ ಸಿಮೆಂಟು ಮೆತ್ತಿದರು. ಗೋದಾಮಿನಿಂದ ಎಳೆದ ಒಂದೇ ಒಂದು ಬಡಕಲು ವೈರಿಗೆ ಕಂಪ್ಯೂಟರೂ ಕೂಲರೂ ಜೋತುಬಿದ್ದವು. ಕೂಲರ್ ಹಚ್ಚಿದಾಗ ಕೋಣೆಯ ಟ್ಯೂಬ್‌ಲೈಟು ಒಮ್ಮೆ ಕಣ್ಣು ಮುಚ್ಚಿ ತೆರೆಯಿತು. ಅದನ್ನು ಯಾರೂ ನೋಡಲಿಲ್ಲ. ಎಲ್ಲರೂ ಅಂಗಿಯ ಗುಂಡಿ ಬಿಚ್ಚಿ ಗಾಳಿಗೆ ಎದೆಯೊಡ್ಡುವುದರಲ್ಲಿದ್ದರು.

ಆ ಕೋಣೆ ಗೊಲ್ಲಾಳಪ್ಪನದಾಯಿತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ಉರಿಬಿಸಿಲಲ್ಲಿ ಶಾಲು ಹೊದ್ದ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ, "ಕಂಪ್ಯೂಟರ್ ರೂಮಿನ್ಯಾಗ ಭಾಳ ಥಂಡಿ ಆಗ್ತದ" ಎಂದು ಬೀದಿಗೆಲ್ಲ ಕೇಳುವಂತೆ ಸೀನುತ್ತಿದ್ದ.

ಕೂಲರ್ ಕೂರಿಸಿದ ಮರುದಿನ ಕರೆಂಟು ಹೋಗಿ ಬಂದಿತು. ಗೊಲ್ಲಾಳಪ್ಪ ಕೂಲರ್ ಹಚ್ಚಿ, ಮೈ ತಂಪಾದ ಮೇಲೆ ಮಷೀನಿನ ಗುಂಡಿ ಒತ್ತಿದ. ಮಷೀನು ಕುಂಯ್ ಎಂದಿತು, ಅಂಕಿ ಎಣಿಸಿತು, ಹಸಿರು ಅಕ್ಷರದ ಅರ್ಧ ಸಾಲು ಬರೆಯಿತು, ಅಲ್ಲಿಗೆ ನಿಂತಿತು. ಕೀಲಿ ಒತ್ತಿದರೆ ಮಾತಿಲ್ಲ. ಆರಿಸಿ ಹಚ್ಚಿದ, ಮತ್ತೆ ಅರ್ಧ ಸಾಲು. ಬೆನ್ನು ತಟ್ಟಿದ, ಫ್ಲಾಪಿಯನ್ನು ಹೊರಗೆಳೆದು ಊದಿದ, ಮುಚ್ಚಳ ತೆಗೆದು ಒಳಗೆ ಇಣುಕಿದ. ಒಳಗೆ ಏನಿರಬೇಕು ಎಂಬುದೇ ಗೊತ್ತಿಲ್ಲದವನಿಗೆ ಏನಿಲ್ಲ ಎಂಬುದು ಹೇಗೆ ಕಾಣಬೇಕು? ಮುಚ್ಚಳ ಮುಚ್ಚಿದ.

ಸಂಘದ ಕಾರ್ಯದರ್ಶಿ ಪಾಂಡುರಂಗರಾಯರು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. ಹೊರಗಿನ ಪಡಸಾಲೆಯಲ್ಲಿ ಪುಟ್ಟ ಫ್ಯಾನಿನಡಿ ಬೇಯುತ್ತಿದ್ದ ಅವರಿಗೆ, ತಮ್ಮ ಕೈಕೆಳಗಿನ ಗುಮಾಸ್ತ ಶಾಲು ಹೊದ್ದದ್ದು ಎದೆಗೆ ಮುಳ್ಳು ಮುರಿದಂತಾಗಿತ್ತು.

"ಯಾಕ್ರೀ ಗೊಲ್ಲಾಳಪ್ಪ, ಮಷೀನ್ ಅರ್ಧಕ್ಕ ನಿಂತದಲ್ಲ?"

ಗೊಲ್ಲಾಳಪ್ಪ ತನ್ನ ವಿದ್ಯೆಯ ಗಂಟನ್ನು ಬಿಚ್ಚಿದ. ಅದರಲ್ಲಿ ಇದ್ದದ್ದು ಒಂದೇ ವಸ್ತು.

"ಉಷ್ಣ ಆಗ್ಯದರಿ."

ಸೇಡಂನಲ್ಲಿ ಈ ಮಾತಿಗೆ ಎದುರು ಮಾತಿಲ್ಲ. ಕಣ್ಣು ಉರಿದರೆ ಉಷ್ಣ, ಹೊಟ್ಟೆ ಕೆಟ್ಟರೆ ಉಷ್ಣ, ಅಳಿಯ ಸಿಟ್ಟು ಮಾಡಿಕೊಂಡು ಎದ್ದು ಹೋದರೂ ಉಷ್ಣ. ಶಹಾಬಾದಿನಿಂದ ಬಿಸಿಲಲ್ಲಿ ಕೌದಿ ಹೊದ್ದು ಬಂದ ಹಳೆಯ ಜೀವಕ್ಕೆ ಉಷ್ಣವಾಗುವುದರಲ್ಲಿ ಏನು ಸೋಜಿಗ? ಪಾಂಡುರಂಗರಾಯರೂ ತಲೆಯಾಡಿಸಿ, ತಂಪಿನಲ್ಲಿ ಇನ್ನೊಂದು ಗಳಿಗೆ ನಿಂತು, ನಿಟ್ಟುಸಿರು ಬಿಟ್ಟು ಹೋದರು.

ಸುದ್ದಿ ಸಂಜೆಯೊಳಗೆ ಊರು ಸುತ್ತಿತು. ಗೊಲ್ಲಾಳಪ್ಪನ ನೆರೆಮನೆಯ ರಶೀದಾಬೇಗಂ ಮರುದಿನ ಬೆಳಿಗ್ಗೆಯೇ ಸೆರಗಿನಲ್ಲಿ ಉಳ್ಳಾಗಡ್ಡಿ ಕಟ್ಟಿಕೊಂಡು ಸಂಘಕ್ಕೆ ಬಂದರು. ಬಿಸಿಲಿಗೆ ಹೊರಡುವಾಗ ಜೇಬಿನಲ್ಲಿ ಒಂದು ಉಳ್ಳಾಗಡ್ಡಿ ಇದ್ದರೆ ಝಳ ಬಡಿಯುವುದಿಲ್ಲ ಎಂಬುದು ಆ ಸೀಮೆಯ ಹಸುಗೂಸಿಗೂ ಗೊತ್ತು.

"ಅರೇ ಗೊಲ್ಲಾಳಪ್ಪ ಭಾಯ್, ಲೂ ಬಡದದ ಅದಕ್ಕ. ನಾಕೂ ಮೂಲಿಗೆ ನಾಕು ಉಳ್ಳಾಗಡ್ಡಿ ಇಡ್ರಿ. ನಮ್ಮ ಅಬ್ಬಾಗ ಹಿಂಗೇ ಆಗಿತ್ತು. ಅರ್ಧ ಮಾತಾಡಿ ಸುಮ್ಮ ಆಗ್ತಿದ್ರು."

"ಆಮ್ಯಾಲೆ ಆರಾಮ ಆದ್ರೇನ್ರಿ?"

"ತೀರಕೊಂಡ್ರು. ಅದು ಬ್ಯಾರೆ ಮಾತು. ಉಳ್ಳಾಗಡ್ಡಿದು ತಪ್ಪಿಲ್ಲ."

ಕಂಪ್ಯೂಟರಿನ ನಾಲ್ಕು ಮೂಲೆಗೆ ನಾಲ್ಕು ಉಳ್ಳಾಗಡ್ಡಿ ಬಂದವು. ರಶೀದಾಬೇಗಂ ಗುಣ ನೋಡಿಕೊಂಡು ಹೋಗುವೆನೆಂದು ಕೂಲರಿನ ಎದುರು ಕೂತವರು ಮಧ್ಯಾಹ್ನದ ನಮಾಜಿಗೆ ಎದ್ದರು.

ಅಲ್ಲಿಂದ ಸುರುವಾಯಿತು ನೋಡಿ. ಜಡ್ಡು ಬಿದ್ದವರನ್ನು ಮಾತಾಡಿಸಲು ಹೋಗದವನು ನಮ್ಮಲ್ಲಿ ಮನುಷ್ಯನೇ ಅಲ್ಲ. ಅದರಲ್ಲೂ ರೋಗಿಯ ಕೋಣೆಯಲ್ಲಿ ಕೂಲರ್ ಇದ್ದರೆ ಊರಿಗೆ ಊರೇ ಕರುಣೆಯಿಂದ ಕರಗಿಹೋಗುತ್ತದೆ. ಸಂಘದ ಸದಸ್ಯರು ಆಡಕಿಯಿಂದ ಬಸ್ಸು ಹತ್ತಿ ಬಂದರು. ಕೆಲವರು ಬಾಳೆಹಣ್ಣು ತಂದರು, ಒಬ್ಬ ಪುಣ್ಯಾತ್ಮ ಬ್ರೆಡ್ಡು ತಂದ. ಚಪ್ಪಲಿ ಹೊರಗೆ ಬಿಟ್ಟು, ಗೋಡೆಗೆ ಒರಗಿ ಕೂತು, ದನಿ ತಗ್ಗಿಸಿ ಕೇಳುತ್ತಿದ್ದರು.

"ಈಗ ಹ್ಯಾಂಗದರಿ?"

"ಹಂಗೇ ಅದ. ಮುಂಜಾನಿ ಅರ್ಧ ಸಾಲು ಬರದಿತ್ತು."

"ಪಾಪ, ಜೀವ ಗಟ್ಟಿ ಅದ."

ಹೀಗೆ ಮಾತಾಡಿಸಿದವರು ಅಲ್ಲೇ ಅಡ್ಡಾಗಿ ಗೊರಕೆ ಹೊಡೆಯುತ್ತಿದ್ದರು. ಗೊಲ್ಲಾಳಪ್ಪನ ಹೆಂಡತಿ ಶಿವಕಾಂತಮ್ಮ ಗಂಡನಿಗೆ ಬುತ್ತಿ ತರುವ ನೆಪದಲ್ಲಿ ಬಂದು, ಅಲ್ಲೇ ಜ್ವಾಳ ಹಸನು ಮಾಡಿಕೊಂಡು ಹೊತ್ತು ಮುಳುಗಿದ ಮೇಲೆ ಮನೆಗೆ ಹೋಗುತ್ತಿದ್ದಳು. ಗೌಡರ ಹೆಂಡತಿ ಅಮೃತಮ್ಮ ಒಮ್ಮೆ ಬಂದು ನೋಡಿ, ಮಷೀನಿನ ಕಡೆಗೆ ಕಣ್ಣೆತ್ತದೆ ಕೂಲರನ್ನೇ ದಿಟ್ಟಿಸಿ, ಮನೆಗೆ ಹೋಗಿ ಗಂಡನಿಗೆ ಹೇಳಿದರಂತೆ: "ಆ ಮಷೀನ್ ಉಳಿಯಂಗಿಲ್ಲ. ಅದು ಹೋದ್ರ ಕೂಲರ್ ನಮ್ಮನಿ ಪಡಸಾಲಿಗೆ ಬರಬೇಕು ನೋಡ್ರಿ."

ಈ ಮಾತು ಗೊಲ್ಲಾಳಪ್ಪನ ಕಿವಿಗೆ ಬಿದ್ದದ್ದೇ ಅವನ ನಿದ್ದೆ ಹಾರಿಹೋಯಿತು. ಮಷೀನು ಸತ್ತರೆ ಅವನಿಗೆ ಎಳ್ಳಷ್ಟೂ ದುಃಖವಿಲ್ಲ. ಆದರೆ ಅದರ ಹಿಂದೆ ಕೂಲರ್ ಸಹಗಮನ ಮಾಡುತ್ತದೆ, ತಾನು ಮತ್ತೆ ಪಾಂಡುರಂಗರಾಯರ ಪಕ್ಕ ಪಡಸಾಲೆಯಲ್ಲಿ ಬೆವರು ಹಿಂಡಿಕೊಂಡು ಕೂರಬೇಕು. ಅಂದಿನಿಂದ ಅವನು ಮಷೀನಿಗೆ ಮನಸ್ಸಿಟ್ಟು ಚಿಕಿತ್ಸೆ ಮಾಡಿದ. ಒದ್ದೆ ಅರಿವೆ ಹೊದಿಸಿದ. ವಾಡಿಯಿಂದ ರೈಲಿನಲ್ಲಿ ತಾಟಿನಲ್ಲಿಟ್ಟು ಬದಿಗಿಡಲು ಐಸು ತರಿಸಿದ. ಐಸು ಬರುವಷ್ಟರಲ್ಲಿ ನೀರಾಗಿತ್ತು, ನೀರನ್ನೇ ಇಟ್ಟ. ಹಗಲೆಲ್ಲ ಕೂಲರ್ ಓಡಿಸಿ, ಕೋಣೆ ಹಿಮದಂತಾದ ಮೇಲೆ ಗುಂಡಿ ಒತ್ತಿದ. ಅರ್ಧ ಸಾಲು.

ಒಂದು ಮಧ್ಯಾಹ್ನ ಕೂಲರಿನ ನೀರು ಮುಗಿಯಿತು. ಜವಾನ ಸಾಯಬಣ್ಣ ಕೂಲರ್ ಆರಿಸಿ, ಕೊಡ ಹಿಡಿದು ಬೋರಿಂಗಿನ ಕಡೆಗೆ ಹೋದ. ಬೋರಿಂಗಿನ ಬಳಿ ಗೆಳೆಯರು ಸಿಕ್ಕರೆ ಸಾಯಬಣ್ಣ ಬರುವುದು ಅವನ ಮನಸ್ಸಿಗೆ ಬಂದಾಗಲೇ. ಬೆವರೊರೆಸುತ್ತ ಕೂತಿದ್ದ ಗೊಲ್ಲಾಳಪ್ಪ ಬೇಸರಕ್ಕೆ ಮಷೀನಿನ ಗುಂಡಿ ಒತ್ತಿದ. ಅಂಕಿ ಎಣಿಸಿತು. ಅರ್ಧ ಸಾಲು ಬರೆಯಿತು. ಉಳಿದರ್ಧವನ್ನೂ ಬರೆಯಿತು! ಒಂದರ ಕೆಳಗೊಂದು ಸಾಲು ಮೂಡಿ, ಕೊನೆಗೆ ಸಣ್ಣ ಹಸಿರು ಗೀರೊಂದು ಮಿಣಕ್ ಮಿಣಕ್ ಎನ್ನುತ್ತ, ಮುಂದೇನು ಅಪ್ಪಣೆ ಎಂದು ಕೇಳುವಂತೆ ನಿಂತಿತು.

ಹಿಗ್ಗಿನಲ್ಲಿ ಗೊಲ್ಲಾಳಪ್ಪ ಎದ್ದು, ನೀರಿಲ್ಲದಿದ್ದರೂ ಗಾಳಿಯಾದರೂ ಬರಲೆಂದು ಕೂಲರ್ ಹಚ್ಚಿದ. ಟ್ಯೂಬ್‌ಲೈಟು ಕಣ್ಣು ಮುಚ್ಚಿ ತೆರೆಯಿತು. ಪರದೆ ಕಪ್ಪಾಗಿ, ಮಷೀನು ತಾನಾಗಿ ಮತ್ತೆ ಮೊದಲಿನಿಂದ ಎಣಿಸಿ, ಅರ್ಧ ಸಾಲಿಗೆ ನಿಂತಿತು. ಕೂಲರ್ ಆರಿಸಿದ, ಮಷೀನು ಹಚ್ಚಿದ: ಪೂರಾ ಬಂತು. ಕೂಲರ್ ಹಚ್ಚಿದ: ಹೋಯಿತು. ಎಷ್ಟೋ ಸಾರಿ ಹೀಗೆ ಮಾಡಿದ ಮೇಲೆ, ದನಕ್ಕೂ ಹೊಳೆಯಬಹುದಾದ ಆ ಸತ್ಯ ಕಡೆಗೆ ಗೊಲ್ಲಾಳಪ್ಪನಿಗೂ ಹೊಳೆಯಿತು. ಮಷೀನಿಗೆ ಉಷ್ಣವೂ ಇಲ್ಲ, ಶೀತವೂ ಇಲ್ಲ. ಆ ಬಡಕಲು ವೈರಿನ ಕರೆಂಟನ್ನೆಲ್ಲ ಕೂಲರೇ ನುಂಗುತ್ತಿದೆ. ಎರಡರಲ್ಲಿ ಒಂದು ಮಾತ್ರ ನಡೆಯುತ್ತದೆ.

ಮಹಾ ಸತ್ಯ ಕಂಡವರು ಮನೆ ಬಿಟ್ಟು ಹೋಗುತ್ತಾರಂತೆ. ಗೊಲ್ಲಾಳಪ್ಪ ಬಾಗಿಲು ಮುಂದೆ ಮಾಡಿ, ಬುತ್ತಿ ತಂದಿದ್ದ ಹೆಂಡತಿಯ ಕಿವಿಯಲ್ಲಿ ಹೇಳಿದ.

"ಹಂಗಾದ್ರ ಗೌಡ್ರಿಗೆ ಹೇಳ್ರಿ" ಎಂದಳು ಶಿವಕಾಂತಮ್ಮ. "ಕೂಲರ್ ತೆಗಸಿ ಮಷೀನ್ ನಡಸ್ರಿ. ಹೆಸರಾಗ್ತದ."

"ಏ ಖೋಡಿ, ಮಷೀನ್ ನಡೀತಂದ್ರ ನಾ ಕೆಲಸ ಮಾಡಬೇಕಾಗ್ತದ! ನನಗೆಲ್ಲಿ ಬರ್ತದ ಅದು?"

"ಅಯ್ಯ ಶಿವನ! ನಿಮಗ ಬರಂಗಿಲ್ಲೇನು?"

"ಮೆಲ್ಲಕ ಮಾತಾಡ."

ಶಿವಕಾಂತಮ್ಮ ಗಂಡನ ಮುಖ ನೋಡಿದಳು, ಕೂಲರಿನ ಮುಖ ನೋಡಿದಳು. ಮೂವತ್ತು ವರ್ಷ ಒಲೆಯ ಮುಂದೆ ಕೂತ ಹೆಣ್ಣು ಅವಳು. "ಬ್ಯಾಸಗಿ ಮುಗಿಯೂತನಕ ಸುಮ್ಮನಿರ್ರಿ" ಎಂದು ಸೆರಗು ಹಾಸಿ ಮಲಗಿದಳು.

ಆದರೆ ಪಾಂಡುರಂಗರಾಯರು ಸುಮ್ಮನಿರಲಿಲ್ಲ. ಗುಲ್ಬರ್ಗದ ಮೇಲಧಿಕಾರಿಗಳ ಕಿವಿಗೆ ಸುದ್ದಿ ಮುಟ್ಟಿಸಿದರು. ಸಾಹೇಬರು ತನಿಖೆಗೆ ಬರುತ್ತಾರೆ, ಅವರ ಎದುರು ಮಷೀನು ಸುರುವಾಗದಿದ್ದರೆ ಗುಜರಿ ಕೊಳ್ಳುವ ಮೋಡಕಾದವನಿಗೆ ಹಾಕುವುದು, ಕೂಲರನ್ನು ಅಧ್ಯಕ್ಷರಿಗೆ ಒಪ್ಪಿಸುವುದು ಎಂದು ತೀರ್ಮಾನವಾಯಿತು. ಅಮೃತಮ್ಮ ಪಡಸಾಲೆಯ ಕಿಟಕಿಯ ಅಳತೆ ತೆಗೆಸಿದರು.

ಗೊಲ್ಲಾಳಪ್ಪ ಬಹಳ ಯೋಚಿಸಿ ಒಂದು ಹಂಚಿಕೆ ಹಾಕಿದ. ಸಾಹೇಬರು ಬರುವ ಹೊತ್ತಿಗೆ ಕೂಲರ್ ಆರಿಸಿಡುವುದು, ಮಷೀನು ಸುರು ಮಾಡಿ ತೋರಿಸುವುದು, ಅವರು ಹೋದ ಮೇಲೆ ಕೂಲರ್ ಹಚ್ಚಿ ಮಲಗುವುದು. "ಇವತ್ತ ಯಾರೂ ಕೂಲರ್ ಮುಟ್ಟಬಾರದು" ಎಂದು ಸಾಯಬಣ್ಣನಿಗೆ ಆಣೆ ಹಾಕಿಸಿದ.

ಸಾಹೇಬರು ಚಿತ್ತಾಪುರದಲ್ಲಿ ಒಂದು ತನಿಖೆಯನ್ನೂ ಅದಕ್ಕಿಂತ ದೊಡ್ಡದೊಂದು ಊಟವನ್ನೂ ಮುಗಿಸಿ, ನಡುಹಗಲಿನಲ್ಲಿ ಜೀಪಿನಿಂದ ಇಳಿದರು. ದೇವರು ಅವರನ್ನು ಎರಡು ಆಳಿನ ಮಣ್ಣಿನಲ್ಲಿ ಮಾಡಿದ್ದ. ಕಿಟಕಿಯಿಲ್ಲದ ಆ ಕೋಣೆಗೆ ಕಾಲಿಟ್ಟದ್ದೇ ಅವರ ಅಂಗಿ ಮೈಗೆ ಅಂಟಿತು. ಗೌಡರು, ರಾಯರು, ಬಾಗಿಲಲ್ಲಿ ರಶೀದಾಬೇಗಂ, ಎಲ್ಲರೂ ಉಸಿರು ಬಿಗಿಹಿಡಿದು ನಿಂತರು. ಗೊಲ್ಲಾಳಪ್ಪ ಗುಂಡಿ ಒತ್ತಿದ. ಮಷೀನು ಎಣಿಸಿತು, ಬರೆಯಿತು, ಬರೆಯಿತು, ಮಿಣಕ್ ಮಿಣಕ್ ಎಂದಿತು.

"ಎದ್ದದ! ಎದ್ದು ಕುಂತದ!" ಎಂದು ರಶೀದಾಬೇಗಂ ಚಪ್ಪಾಳೆ ತಟ್ಟಿದರು. "ಉಳ್ಳಾಗಡ್ಡಿ ಸುಳ್ಳ ಹೇಳಂಗಿಲ್ಲ!"

ಪಾಂಡುರಂಗರಾಯರ ಮುಖ ಹರಳೆಣ್ಣೆ ಕುಡಿದಂತಾಯಿತು. ಸಾಹೇಬರು ಕರವಸ್ತ್ರದಿಂದ ಕತ್ತು ಒರೆಸುತ್ತ, "ಛೊಲೋ ಆತು, ಛೊಲೋ ಆತು. ಎಷ್ಟು ಸೆಕಿ ಅದರೀ ಇಲ್ಲಿ! ಅದೇನು, ಕೂಲರ್ ಅಲ್ಲೇನು? ಹಚ್ರಲ್ಲ" ಎಂದರು.

"ಬ್ಯಾಡ್ರಿ ಸಾಹೇಬ್ರ!" ಎಂದು ಗೊಲ್ಲಾಳಪ್ಪ ಕೂಲರಿಗೆ ಅಡ್ಡ ನಿಂತ.

"ಯಾಕ?"

"ಅದು... ಅದಕ್ಕ ಈಗ ವಿಶ್ರಾಂತಿ ಅದರಿ."

"ಏ ಗೊಲ್ಲಾಳಪ್ಪ, ಸಾಹೇಬ್ರು ಬೇಯಾಕತ್ತಾರ, ಕೂಲರಿಗೆ ವಿಶ್ರಾಂತಿ ಅಂತಿ? ಸರಿ ಆಚಿಗೆ!" ಖಂಡೆಪ್ಪಗೌಡರು ತಮ್ಮ ಕೈಯಾರೆ ಬಟನ್ ಒತ್ತಿದರು. ಲೈಟು ಕಣ್ಣು ಮುಚ್ಚಿತು, ಪರದೆ ಕಪ್ಪಾಯಿತು, ಮಷೀನು ಅರ್ಧ ಸಾಲು ಬರೆದು ನಿಂತಿತು.

ಪಾಂಡುರಂಗರಾಯರ ಕಣ್ಣು ಟ್ಯೂಬ್‌ಲೈಟಿನಿಂದ ಕೂಲರಿಗೆ, ಕೂಲರಿನಿಂದ ಮಷೀನಿಗೆ ಹರಿದಾಡಿತು. ಇನ್ನೊಂದು ಕ್ಷಣ ಬಿಟ್ಟಿದ್ದರೆ ಅವರು ಬಾಯಿ ತೆರೆಯುತ್ತಿದ್ದರು. ಗೊಲ್ಲಾಳಪ್ಪ ಅದಕ್ಕೆ ಮೊದಲೇ ಹಣೆ ಬಡಿದುಕೊಂಡ.

"ನೋಡಿದ್ರ್ಯಾ ಸಾಹೇಬ್ರ! ತಂಪು ತಡ ಆತು, ಉಷ್ಣ ತಲಿಗೇರಿತು! ಒಂದು ಗಳಿಗಿ ಕೂಲರ್ ಇಲ್ದೆ ಇದ್ದದ್ದಕ್ಕ ಈ ಗತಿ. ಈ ಮಷೀನ್ ಜೀವಾನೇ ಕೂಲರಿನ್ಯಾಗ ಅದರಿ. ಅದನ್ನ ಯಾರ ಮನಿಗರೆ ಒಯ್ದ್ರ, ಇದು ಸತ್ತಂಗೇ ಲೆಕ್ಕ!"

ಸಾಹೇಬರು ಅಷ್ಟೊತ್ತಿಗೆ ಕೂಲರಿನ ಎದುರು ಕುರ್ಚಿ ಎಳೆದುಕೊಂಡಿದ್ದರು. ಗಾಳಿ ಅಂಗಿಯೊಳಗೆ ಹೊಕ್ಕು ಹೊಟ್ಟೆಯ ಮೇಲೆ ಆಡುತ್ತಿತ್ತು. "ಖರೇ ಮಾತು" ಎಂದು ಕಣ್ಣು ಮುಚ್ಚಿದರು. ಸರಕಾರದ ತನಿಖೆ ಅಲ್ಲಿಂದ ಮುಂದೆ ಗೊರಕೆಯಲ್ಲಿ ನಡೆಯಿತು. ಗೊಲ್ಲಾಳಪ್ಪ ಗೆದ್ದವನ ಕಣ್ಣಿನಿಂದ ರಾಯರನ್ನು ನೋಡಿದ. ಬಿಸಿಲು ಇಳಿದ ಮೇಲೆ ಸಾಹೇಬರು ಎದ್ದು, ಚಹಾ ಕುಡಿದು, ತೀರ್ಪು ಹೇಳಿದರು.

"ಗೌಡ್ರ, ಈ ಗುಮಾಸ್ತ ಹೇಳಿದ್ದು ಬರೋಬರಿ. ಇಂಥಾ ನಾಜೂಕು ಮಷೀನ್ ನಿಮ್ಮೂರಿನ ಧಗೀಯೊಳಗ ಇಡೂದು ಪಾಪ. ಗುಲ್ಬರ್ಗದಾಗ ನನ್ನ ಛೇಂಬರಿನ್ಯಾಗ ಇಡಸ್ತೀನಿ. ಅದರ ಜೀವಾ ಕೂಲರಿನ್ಯಾಗ ಅದ ಅಂದ್ರ, ಕೂಲರ್ ಕೂಡೇ ಇರಬೇಕಲ್ಲ? ಮದ್ಲ ಕೂಲರ್ ಏರಸ್ರಿ. ರೂಮ್ ತಂಪಾಗಿರಲಿ."

ಸಾಯಬಣ್ಣನೂ ಡ್ರೈವರನೂ ಕೂಲರನ್ನು ಜೀಪಿಗೆ ಏರಿಸಿದರು. ಕೂಲರ್ ಕೂತ ಮೇಲೆ ಜೀಪಿನಲ್ಲಿ ಸಾಹೇಬರಿಗೇ ಜಾಗ ಕಷ್ಟವಾಯಿತು. ಇನ್ನು ಮಷೀನಿಗೆ ಎಲ್ಲಿ? "ಅದನ್ನ ಮುಂದಿನ ಸಾರಿ ಒಯ್ದರಾತು" ಎಂದರು. ಜೀಪು ಹೊರಟಿತು. ಆ ಮುಂದಿನ ಸಾರಿ ಇವತ್ತಿನವರೆಗೂ ಬಂದಿಲ್ಲ. ಅಮೃತಮ್ಮ ಅಂದು ಗಂಡನಿಗೆ ಅನ್ನ ಬಡಿಸಲಿಲ್ಲವೆಂದು ಊರು ಆಡಿಕೊಂಡಿತು.

ಮರುದಿನ ಗೌಡರು ಬೆಳಗಾಗುತ್ತಲೇ ಬಂದರು. ಕೂಲರ್ ಹೋದ ಕಿಟಕಿಯಿಂದ ಬಿಸಿಗಾಳಿ ನುಗ್ಗುತ್ತಿತ್ತು. "ಉಷ್ಣದ ಮಷೀನ್ ಅದ, ಝಳ ಬಡೀಬಾರದು" ಎಂದು ಅದಕ್ಕೂ ಪರಸಿ ಹಚ್ಚಿ ಸಿಮೆಂಟು ಮೆತ್ತಿಸಿದರು. ಆಮೇಲೆ, ಹೇಗೂ ಸತ್ತದ್ದನ್ನು ಒಮ್ಮೆ ನೋಡಿಬಿಡೋಣ ಎಂದು ಗುಂಡಿ ಒತ್ತಿದರು. ಮಷೀನು ಎಣಿಸಿತು, ಬರೆಯಿತು, ಮಿಣಕ್ ಮಿಣಕ್ ಎಂದಿತು.

"ಅಲಲಲ! ಉಷ್ಣ ಇಳದದಲ್ಲೋ!" ಎಂದು ಗೌಡರು ತೊಡೆ ತಟ್ಟಿದರು. "ಕುಂದ್ರು ಗೊಲ್ಲಾಳಪ್ಪ. ಎಲ್ಲಾ ಸದಸ್ಯರ ಹೆಸರು, ಹೊಲ, ತೊಗರಿ ಲೆಕ್ಕ, ಇವತ್ತಿಂದ ಇದರಾಗ ಏರಸು. ರಾಯರ, ನೀವು ಬಾಜೂಕ ಕುಂತು ನೋಡ್ರಿ."

"ಅಗದೀ ಖುಷೀಲೆ" ಎಂದು ಪಾಂಡುರಂಗರಾಯರು ಬೀಸಣಿಕೆ ಹಿಡಿದು ಕೂತರು.

ಗೊಲ್ಲಾಳಪ್ಪ ಮಷೀನನ್ನು ಆರಿಸಿದ. "ಸ್ವಲ್ಪ ತ್ರಾಸು ಕೊಡ್ತದರಿ" ಎಂದು ಮತ್ತೆ ಹಚ್ಚಿದ, ಎಲ್ಲ ದೇವರನ್ನು ನೆನೆದ. ಪೂರಾ ಬಂತು. ಮತ್ತೆ ಆರಿಸಿದ, ಮತ್ತೆ ಹಚ್ಚಿದ. ಪೂರಾ ಬಂತು. "ನಿಂದ್ರೋ ನಮ್ಮಪ್ಪ, ಒಮ್ಮೆ ಅರ್ಧಕ್ಕ ನಿಂದ್ರೋ" ಎಂದು ಬಾಯೊಳಗೇ ಬೇಡಿಕೊಂಡ. ಮುದುಕ ಮಷೀನು ಹದಿನಾರರ ಹುಮ್ಮಸ್ಸಿನಲ್ಲಿ ಎದ್ದು ಕೂತು, ಏನಪ್ಪಣೆ ಎಂದು ಮಿಣುಕಿತು. ಕಡೆಗೆ ಅವನು ಒಂದು ಬೆರಳು ಮುಂದೆ ಚಾಚಿ, ತನ್ನ ಹೆಸರಿನ ಮೊದಲ ಅಕ್ಷರವನ್ನು ಹುಡುಕತೊಡಗಿದ. ಬೆವರು ಮೂಗಿನ ತುದಿಯಿಂದ ಕೀಲಿಗಳ ಮೇಲೆ ತೊಟ್ಟಿಕ್ಕಿತು. ಅಕ್ಷರ ಸಿಗಲಿಲ್ಲ.

ರೋಗಿಯನ್ನು ಮಾತಾಡಿಸಲು ಅಂದು ಯಾರೂ ಬರಲಿಲ್ಲ. ರಶೀದಾಬೇಗಂ ಒಬ್ಬರೇ ಬಾಗಿಲವರೆಗೆ ಬಂದು, ಒಳಗಿನ ಸೆಕಿಗೆ ಹಿಂದೆ ಸರಿದು, ಗೊಲ್ಲಾಳಪ್ಪನ ಮುಖ ನೋಡಿದರು. ಮೂಗು ಮುಚ್ಚಿಕೊಂಡು ಒಳಗೆ ಬಂದು, ಮಷೀನಿನ ಮೂಲೆಯಿಂದ ಒಂದು ಉಳ್ಳಾಗಡ್ಡಿ ತೆಗೆದು ಅವನ ಅಂಗಿಯ ಜೇಬಿಗೆ ಇಳಿಬಿಟ್ಟರು.

"ಅದಕ್ಕ ಆರಾಮ ಆಗ್ಯದ. ಇನ್ನ ನಿಮಗ ಬೇಕು" ಎಂದರು.

ಗೊಲ್ಲಾಳಪ್ಪನಿಗೆ ಕಂಪ್ಯೂಟರ್ ಬರುವುದಿಲ್ಲ ಎಂಬ ಸಂಗತಿ ಸಂಜೆಯೊಳಗೆ ಇಡೀ ಸೇಡಂ ಊರಿಗೆ ಗೊತ್ತಾಯಿತು. ಅವನಂತೂ ಅಂದು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.